ಬೊಜ್ಜಿನ ಕಣಗಿಲೆ

ಕಳೆದ ಚಳಿಗಾಲದಲ್ಲಿ ನನ್ನ ತಾಯಿ ಮೂರು ತಿಂಗಳ ಮಟ್ಟಿಗೆ ಮಸ್ಕತ್‌ಗೆ ಬಂದಿದ್ದರು. ಬಂದ ಮರುದಿನ ಬೆಳಿಗ್ಗೆ ಕಾಫಿಲೋಟ ಹಿಡಿದು ಬಾಲ್ಕನಿಗೆ ಹೋದವರು ಅಲ್ಲಿಂದಲೇ ಕೂಗಿದರು: "ಏನೋ ಇದು, ಕಣಗಿಲೆಯನ್ನು ಹೀಗೆ ದಪ್ಪ ಮಾಡಿಟ್ಟಿದ್ದೀಯಲ್ಲೋ!"

ನಾನು ತಿದ್ದಲು ಹೋದೆ. "ಅಮ್ಮ, ಅದು ಕಣಗಿಲೆ ಅಲ್ಲ, ಅಡೇನಿಯಂ. ಇಲ್ಲಿನವರು ಡೆಸರ್ಟ್ ರೋಸ್ ಅಂತಾರೆ." ಅಮ್ಮ ಮಾತಾಡದೆ ಒಂದು ಎಲೆಯನ್ನು ಚಿವುಟಿ, ತೊಟ್ಟಿನಲ್ಲಿ ಒಸರಿದ ಸೊನೆಯನ್ನು ನನ್ನ ಮುಂದೆ ಹಿಡಿದರು. "ಗುಲಾಬಿಗೆ ಸೊನೆ ಬರುತ್ತದೇನೋ? ಕೈ ತೊಳೆಯಬೇಕು, ನೀರು ಬಿಡು" ಎಂದು ಒಳಗೆ ನಡೆದರು.

ನಮ್ಮ ಸಂಘದ ಈ ಪತ್ರಿಕೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ವಿಟಮಿನ್ ಡಿ ಎಂದು ಬರೆದು ನಿಮ್ಮನ್ನು ಹೆದರಿಸುತ್ತ ಬಂದವನು ಈ ಬಾರಿ ಒಂದು ಗಿಡದ ಚರಿತ್ರೆಯನ್ನು ಬರೆಯಲು ಹೊರಟಿರುವುದಕ್ಕೆ ಅಮ್ಮನ ಆ ಮಾತೇ ಕಾರಣ. ಆ ಗಿಡವನ್ನು ಪಾಶ್ಚಾತ್ಯ ಸಸ್ಯಶಾಸ್ತ್ರಕ್ಕೆ ಮೊದಲು ಪರಿಚಯಿಸಿದ ವಿದ್ವಾಂಸನೂ ಅಮ್ಮ ಹೇಳಿದ್ದನ್ನೇ ಹೇಳಿದ್ದನೆಂಬುದು ಆಮೇಲೆ ಓದಿದಾಗ ತಿಳಿಯಿತು. 1775ರಲ್ಲಿ ಅಚ್ಚಾದ ಲ್ಯಾಟಿನ್ ಗ್ರಂಥವೊಂದರಲ್ಲಿ ಅದರ ಹೆಸರು 'ನೇರಿಯಂ ಒಬೇಸಮ್'. ನೇರಿಯಂ ಎಂದರೆ ನಮ್ಮ ಕಣಗಿಲೆ. ಒಬೇಸಮ್ ಎಂದರೇನೆಂದು ವೈದ್ಯನಾದ ನಾನು ಯಾರನ್ನೂ ಕೇಳಬೇಕಾಗಿಲ್ಲ. ದಿನಕ್ಕೆ ಹತ್ತು ಬಾರಿ ರೋಗಿಗಳ ಕಾಗದದಲ್ಲಿ ಬರೆಯುವ 'ಒಬೀಸಿಟಿ'ಯ ಮೂಲವದು. ಬೊಜ್ಜು ಬೆಳೆದ ಕಣಗಿಲೆ!

ಈ ಊರಿನಲ್ಲಿ ನಮ್ಮವರ ಮನೆಗಳಿಗೆ ಹೋದಾಗ ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಕರಿಬೇವು, ಒಂದು ಅಡೇನಿಯಂ ಕಾಣುವುದು ಬಹುಮಟ್ಟಿಗೆ ಖಚಿತ. ತುಳಸಿ ಕರಿಬೇವುಗಳನ್ನು ಬದುಕಿಸಿಕೊಳ್ಳಲು ನಾವು ಪಡುವ ಪಾಡು ಎಲ್ಲರಿಗೂ ಗೊತ್ತು. ಅಡೇನಿಯಂ ಮಾತ್ರ ಸುಡುಬಿಸಿಲಿನಲ್ಲಿ ನಗುತ್ತ ನಿಂತಿರುತ್ತದೆ. ನರ್ಸರಿಯಲ್ಲಿ ಕೊಂಡಾಗ ಕುಂಡದ ಮೇಲೆ ಥಾಯ್ಲೆಂಡಿನ ಚೀಟಿಯಿದ್ದುದರಿಂದ ಅದೂ ನಮ್ಮಂತೆ ಹೊರಗಿನಿಂದ ಬಂದದ್ದೆಂದು ನಾನು ಬಹುಕಾಲ ನಂಬಿದ್ದೆ. ವಿಷಯ ತದ್ವಿರುದ್ಧವಾಗಿದೆ. ಆ ಬಾಲ್ಕನಿಯಲ್ಲಿ ಈ ನೆಲದ ಮೂಲನಿವಾಸಿ ಅದೊಂದೇ. ಅದಕ್ಕೆ ನೀರು ಹಾಕುವ ನಾವೇ ವೀಸಾದ ಮೇಲಿರುವವರು. ಆಫ್ರಿಕದ ಸಹಾರಾದಂಚಿನ ಒಣಪ್ರದೇಶಗಳಿಂದ ಹಿಡಿದು ಯೆಮನ್, ಸೊಕೋತ್ರಾ ದ್ವೀಪ, ಒಮಾನಿನ ಧೋಫಾರ್ ಪ್ರಾಂತದವರೆಗೆ ಅದರ ತವರು ಹಬ್ಬಿದೆ.

ಅದಕ್ಕೆ ಹೆಸರಿಟ್ಟವನು ಪೀಟರ್ ಫೋರ್ಸ್ಕಾಲ್. 1732ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದವನು. ಸ್ವೀಡನ್ನಿನ ಉಪ್ಸಲಾದಲ್ಲಿ ಸಸ್ಯಗಳ ನಾಮಕರಣ ಪದ್ಧತಿಯ ಪಿತಾಮಹನಾದ ಲಿನೇಯಸ್‌ನ ಶಿಷ್ಯ. ಮಹಾ ಹಟಮಾರಿ. 1759ರಲ್ಲಿ ಪ್ರಜೆಗಳ ಸ್ವಾತಂತ್ರ್ಯವನ್ನು ಕುರಿತು ಒಂದು ಸಣ್ಣ ಪುಸ್ತಿಕೆ ಪ್ರಕಟಿಸಿ ಸರಕಾರದ ಕೋಪಕ್ಕೆ ಗುರಿಯಾದ. ಪುಸ್ತಿಕೆಯನ್ನು ನಿಷೇಧಿಸಲಾಯಿತು, ಹಂಚಿಹೋದ ಪ್ರತಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆ ಆಗ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ಲಿನೇಯಸ್‌ನ ಪಾಲಿಗೇ ಬಂತು. ಗುರುವಿನ ಆ ಸಂಕಟವನ್ನು ಊಹಿಸಿಕೊಳ್ಳಬಹುದು.

ಅದೇ ಹೊತ್ತಿಗೆ ಡೆನ್ಮಾರ್ಕಿನ ದೊರೆ ಐದನೆಯ ಫ್ರೆಡರಿಕ್ ಅರೇಬಿಯಕ್ಕೆ ಒಂದು ವಿದ್ವಾಂಸರ ತಂಡವನ್ನು ಕಳುಹಿಸಲು ಸಿದ್ಧತೆ ನಡೆಸಿದ್ದ. ನೆಲ ಗೆಲ್ಲುವುದಕ್ಕಲ್ಲ, ವ್ಯಾಪಾರಕ್ಕಲ್ಲ, ತಿಳಿಯುವುದಕ್ಕಾಗಿ. 1761ರ ಜನವರಿಯಲ್ಲಿ ಕೊಪನ್‌ಹೇಗನ್ನಿನಿಂದ ಹೊರಟ ಹಡಗಿನಲ್ಲಿ ಆರು ಜನರಿದ್ದರು: ಭಾಷಾಪಂಡಿತ ಫಾನ್ ಹಾವನ್, ಸಸ್ಯ ಮತ್ತು ಪ್ರಾಣಿಗಳ ಅಧ್ಯಯನಕ್ಕೆ ಫೋರ್ಸ್ಕಾಲ್, ನಕ್ಷೆ ತಯಾರಿಸುವ ಕಾರ್ಸ್ಟನ್ ನೀಬೂರ್, ವೈದ್ಯ ಕ್ರೇಮರ್, ಚಿತ್ರಕಾರ ಬೌರೆನ್‌ಫೈಂಡ್, ಸೇವಕ ಬೆರ್ಗ್ರೆನ್. ತಂಡದಲ್ಲಿ ಒಗ್ಗಟ್ಟು ಇರಲಿಲ್ಲ. ಫಾನ್ ಹಾವನ್‌ಗೂ ಫೋರ್ಸ್ಕಾಲ್‌ಗೂ ಎಣ್ಣೆ ಸೀಗೆಕಾಯಿ. ಇಸ್ತಾಂಬುಲ್ ತಲುಪಿದಾಗ ಫಾನ್ ಹಾವನ್ ಅಂಗಡಿಯೊಂದರಲ್ಲಿ ಪಾಷಾಣವನ್ನು ಕೊಂಡನೆಂದು ತಿಳಿದು ಉಳಿದವರು ಅಲ್ಲಿದ್ದ ಡೆನ್ಮಾರ್ಕಿನ ರಾಯಭಾರಿಗೆ ದೂರು ಕೊಟ್ಟರು. ಕೊನೆಗೆ ಅವರನ್ನು ಕೊಂದದ್ದು ಪಾಷಾಣವಲ್ಲ.

ಈಜಿಪ್ಟಿನಲ್ಲಿ ಒಂದು ವರ್ಷ ಕಳೆದು, ಸುಯೆಜ್‌ನಿಂದ ಕೆಂಪು ಸಮುದ್ರದಲ್ಲಿ ಇಳಿದು, 1762ರ ಡಿಸೆಂಬರ್ ಕೊನೆಯಲ್ಲಿ ಅವರು ಯೆಮನ್ನಿನ ಲುಹೈಯಾ ಬಂದರನ್ನು ಸೇರಿದರು. ಮುಂದಿನ ಆರು ತಿಂಗಳು ಫೋರ್ಸ್ಕಾಲ್‌ನ ಬದುಕಿನ ಅತ್ಯುತ್ತಮ ಕಾಲ. ಅರಬ್ಬಿ ಕಲಿತಿದ್ದ, ಊರಿನವರಂತೆ ಉಟ್ಟು, ಕತ್ತೆಯ ಮೇಲೆ ಕುಳಿತು ಕರಾವಳಿಯ ಬಯಲನ್ನೂ ಅದರಾಚೆಯ ಕಾಫಿಬೆಟ್ಟಗಳನ್ನೂ ಸುತ್ತಿದ. (ಬಾಬಾ ಬುಡನ್ ಅವರು ಏಳು ಕಾಫಿಬೀಜಗಳನ್ನು ಚಿಕ್ಕಮಗಳೂರಿಗೆ ತಂದರೆಂಬ ಪ್ರತೀತಿಯೂ ಇದೇ ಯೆಮನ್ನಿಗೆ ಸೇರಿದ್ದು.) ಗಿಡ ಕಂಡಲ್ಲೆಲ್ಲ ಇಳಿದು, ಅದನ್ನು ಒಣಗಿಸಿ, ಲ್ಯಾಟಿನ್ನಿನಲ್ಲಿ ಲಕ್ಷಣ ಬರೆದು, ಪಕ್ಕದಲ್ಲಿ ಅಲ್ಲಿನ ಜನ ಅದನ್ನು ಕರೆಯುವ ಹೆಸರನ್ನೂ ಗುರುತಿಸುತ್ತಿದ್ದ. ಈ ಕೊನೆಯ ಅಭ್ಯಾಸಕ್ಕಾಗಿಯೇ ನನಗೆ ಆತನ ಮೇಲೆ ಗೌರವ. ಹೊರಗಿನಿಂದ ಬಂದ ಪಂಡಿತರಲ್ಲಿ ಎಷ್ಟು ಜನ ಊರಿನ ಹೆಸರನ್ನು ಕೇಳುವ ಸೌಜನ್ಯ ತೋರಿದ್ದಾರೆ?

ಹೀಗೆ ಯೆಮನ್ನಿನಲ್ಲಿ ಕಂಡ ಗಿಡಗಳಲ್ಲಿ ಇದೂ ಒಂದು. ಬುಡ ಕುಡಿಕೆಯಂತೆ ಉಬ್ಬಿದೆ, ಕೊಂಬೆಗಳು ಬೆರಳಿನಷ್ಟು ದಪ್ಪ, ಅವುಗಳ ತುದಿಯಲ್ಲಿ ಅಂಚು ಕೆಂಪಾದ ಐದೆಸಳಿನ ತುತ್ತೂರಿ ಹೂ. ಅದರ ಹೂ, ಸೊನೆ, ಕೋಡಿನಂತೆ ಜೋಡಿಯಾಗಿ ಬಿಡುವ ಕಾಯಿ, ಎಲ್ಲವೂ ಕಣಗಿಲೆಯ ಬಂಧುತ್ವವನ್ನೇ ಸಾರುತ್ತವೆ. ಆತ ಕಣಗಿಲೆಯ ಕುಲಕ್ಕೇ ಅದನ್ನು ಸೇರಿಸಿದ.

ಆ ವರ್ಷದ ಬೇಸಗೆಯಲ್ಲಿ ತಂಡದವರಿಗೆ ಜ್ವರ ಹಿಡಿಯಿತು. 1763ರ ಮೇ ತಿಂಗಳಲ್ಲಿ ಮೋಖಾದಲ್ಲಿ ಫಾನ್ ಹಾವನ್ ತೀರಿಕೊಂಡ. ಉಳಿದವರು ತಾಯಿಜ್‌ನಿಂದ ಸನಾ ಪಟ್ಟಣದತ್ತ ಬೆಟ್ಟ ಹತ್ತುವಾಗ ಫೋರ್ಸ್ಕಾಲ್‌ಗೆ ಕುಳಿತುಕೊಳ್ಳುವ ಶಕ್ತಿಯೂ ಉಡುಗಿ, ಒಂಟೆಯ ಮೇಲೆ ಮಲಗಿಸಿ ಕಟ್ಟಿ ಯರೀಮ್ ಎಂಬ ಊರಿಗೆ ತರಬೇಕಾಯಿತು. ಜುಲೈ 11ರಂದು ಅಲ್ಲಿಯೇ ಪ್ರಾಣ ಹೋಯಿತು. ಮೂವತ್ತೊಂದು ವರ್ಷ. ಚಿತ್ರಕಾರನೂ ಸೇವಕನೂ ಮುಂಬಯಿಗೆ ಹೋಗುವ ಹಡಗಿನಲ್ಲಿ ಸತ್ತರು. ವೈದ್ಯ ಕ್ರೇಮರ್ ಮುಂಬಯಿ ಮುಟ್ಟಿ, 1764ರ ಫೆಬ್ರವರಿಯಲ್ಲಿ ಅಲ್ಲಿ ಕಣ್ಣು ಮುಚ್ಚಿದ. ಅದು ಮಲೇರಿಯವೆಂದು ಇಂದು ಹೇಳುತ್ತೇವೆ. ಸೊಳ್ಳೆಗೂ ಆ ಜ್ವರಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದಡಿ ಕಂಡದ್ದು 1897ರಲ್ಲಿ. ಅದಕ್ಕೆ ಮೊದಲು ಆತ ನಮ್ಮ ಬೆಂಗಳೂರಿನಲ್ಲಿ ಕಾಲರಾ ನಿಯಂತ್ರಣದ ಕೆಲಸದಲ್ಲಿದ್ದ. ಕ್ರೇಮರ್‌ನ ಔಷಧದ ಪೆಟ್ಟಿಗೆಯನ್ನು ನೆನೆದಾಗಲೆಲ್ಲ ನನಗೆ ಕನಿಕರವೇ ಹೊರತು ಬೈಯಬೇಕೆನಿಸುವುದಿಲ್ಲ. ಕಾರಣ ತಿಳಿಯದ ರೋಗದ ಮುಂದೆ ಎಲ್ಲ ಕಾಲದ ವೈದ್ಯರೂ ಒಂದೇ.

ಬದುಕುಳಿದವನು ನೀಬೂರ್ ಒಬ್ಬನೇ. ಆತ ಐರೋಪ್ಯರ ಉಡುಪು ಊಟಗಳನ್ನು ಬಿಟ್ಟು ಪೂರ್ವದೇಶದವರ ರೀತಿಗೆ ಹೊಂದಿಕೊಂಡ. ಮುಂಬಯಿಯಿಂದ ಹೊರಟು 1765ರ ಜನವರಿಯಲ್ಲಿ ಆತ ಇಳಿದದ್ದು ಇದೇ ಮಸ್ಕತ್‌ನಲ್ಲಿ! ಇಲ್ಲಿ ಭಾರತದ ಬನಿಯಾ ವರ್ತಕರು ತಮ್ಮ ಆಚಾರಗಳೊಡನೆ ನೆಮ್ಮದಿಯಿಂದ ಬಾಳುತ್ತಿದ್ದುದನ್ನು ಆತ ದಾಖಲಿಸಿದ್ದಾನೆ. ಇಲ್ಲಿಂದ ಪರ್ಷಿಯಕ್ಕೆ ಹೋಗಿ ಪರ್ಸೆಪೊಲಿಸ್‌ನ ಶಿಲಾಶಾಸನಗಳನ್ನು ನಕಲು ಮಾಡಿಕೊಂಡು, 1767ರ ನವೆಂಬರ್‌ನಲ್ಲಿ ಕೊಪನ್‌ಹೇಗನ್ ಸೇರಿದ. ಕಳುಹಿಸಿದ ದೊರೆ ಆಗಲೇ ತೀರಿಹೋಗಿದ್ದ; ಯಾರಿಗೂ ಈ ಯಾತ್ರೆಯಲ್ಲಿ ಆಸಕ್ತಿ ಉಳಿದಿರಲಿಲ್ಲ. ಆದರೂ ನೀಬೂರ್ ಸತ್ತ ಗೆಳೆಯನ ಕಾಗದಗಳನ್ನು ಒಟ್ಟುಗೂಡಿಸಿ 1775ರಲ್ಲಿ 'ಫ್ಲೋರಾ ಈಜಿಪ್ಟಿಯಾಕೊ-ಅರಾಬಿಕಾ' ಎಂಬ ಗ್ರಂಥವನ್ನು ಹೊರತಂದ. ನಮ್ಮ ಬೊಜ್ಜಿನ ಕಣಗಿಲೆಗೆ ಶಾಸ್ತ್ರದಲ್ಲಿ ಸ್ಥಾನ ಸಿಕ್ಕಿದ್ದು ಹೀಗೆ, ಹೆಸರಿಟ್ಟವನು ಸತ್ತ ಹನ್ನೆರಡು ವರ್ಷಗಳ ಮೇಲೆ.

1819ರಲ್ಲಿ ರೋಮರ್ ಮತ್ತು ಶುಲ್ಟೆಸ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಇದು ಕಣಗಿಲೆಯ ದಾಯಾದಿಯೇ ಹೊರತು ಒಡಹುಟ್ಟಲ್ಲವೆಂದು ಬಗೆದು 'ಅಡೇನಿಯಂ' ಎಂಬ ಹೊಸ ಕುಲವನ್ನು ಮಾಡಿದರು. ಯೆಮನ್ನಿನ ಏಡನ್ ಬಂದರಿನೊಂದಿಗೆ ಆ ಹೆಸರನ್ನು ಸಾಮಾನ್ಯವಾಗಿ ಜೋಡಿಸುತ್ತಾರೆ. ವ್ಯತ್ಯಾಸ ಎಲ್ಲಿದೆಯೆಂದು ನೋಡಬೇಕಾದರೆ ಬೀಜವನ್ನು ನೋಡಿ: ಕಣಗಿಲೆಯ ಬೀಜಕ್ಕೆ ಒಂದೇ ತುದಿಯಲ್ಲಿ ರೇಷ್ಮೆಯ ಕುಚ್ಚು, ಅಡೇನಿಯಂ ಬೀಜಕ್ಕೆ ಎರಡೂ ತುದಿಗಳಲ್ಲಿ. ಗಾಳಿಗೆ ಬಿಟ್ಟರೆ ಪುಟ್ಟ ಗಾಡಿಯ ಅಚ್ಚಿನಂತೆ ಉರುಳುತ್ತ ಹೋಗುತ್ತದೆ. ಅಂದ ಹಾಗೆ, ಲಿನೇಯಸ್ ತನ್ನ ಶಿಷ್ಯನ ನೆನಪಿಗೆ ಬೇರೊಂದು ಗಿಡಕ್ಕೆ 'ಫೋರ್ಸ್ಕಾಲಿಯಾ ಟೆನಾಸಿಸಿಮಾ' ಎಂದು ಹೆಸರಿಟ್ಟ. ಅರ್ಥ, ಹಿಡಿದರೆ ಬಿಡದ ಫೋರ್ಸ್ಕಾಲ್! ಇಲ್ಲಿನ ವಾದಿಗಳಲ್ಲಿ ನಡೆಯುವಾಗ ಪ್ಯಾಂಟಿನ ಅಂಚಿಗೆ ಅಂಟಿಕೊಳ್ಳುವ ಒರಟು ಎಲೆಯ ಗಿಡವದು.

ಇನ್ನು ಅಮ್ಮ ಕೈ ತೊಳೆದ ವಿಷಯ. ಕಣಗಿಲೆ, ಹಳದಿ ಕಣಗಿಲೆ, ದೇವಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಎಕ್ಕ, ಇವೆಲ್ಲ ಅಡೇನಿಯಂ ಸೇರಿದ ಒಂದೇ ದೊಡ್ಡ ಕುಟುಂಬ. ದೇವರ ತಲೆಯ ಮೇಲೆ ಏರುವ ಹೂಗಳೇ ಹೆಚ್ಚು, ಅವುಗಳಲ್ಲಿ ಹಲವು ವಿಷದವೂ ಹೌದು. ಆಫ್ರಿಕದ ಹಲವು ಬುಡಕಟ್ಟುಗಳ ಬೇಟೆಗಾರರು ಅಡೇನಿಯಂನ ಸೊನೆಯನ್ನು ಕುದಿಸಿ ಬಾಣದ ಮೊನೆಗೆ ಬಳಿಯುತ್ತಿದ್ದರು. ಅದರಲ್ಲಿರುವುದು ಹೃದಯದ ಮೇಲೆ ಕೆಲಸ ಮಾಡುವ ಗ್ಲೈಕೋಸೈಡ್‌ಗಳು; ನಾವು ಹೃದಯರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಬಳಗ. ಫೋರ್ಸ್ಕಾಲ್‌ನ ಗ್ರಂಥ ಅಚ್ಚಾದ 1775ರಲ್ಲಿಯೇ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ನ ಮುಂದೆ ಮೈನೀರಿನ ಬಾವಿಗೆ ಕೊಡುತ್ತಿದ್ದ ಒಂದು ಮನೆಮದ್ದಿನ ಪ್ರಶ್ನೆ ಬಂತು. ಅದರಲ್ಲಿನ ಇಪ್ಪತ್ತು ಸೊಪ್ಪುಗಳಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲವ್ ಎಂಬುದೊಂದೇ ಎಂದು ಗುರುತಿಸಿ, ಹತ್ತು ವರ್ಷ ಪರೀಕ್ಷಿಸಿ, 1785ರಲ್ಲಿ ಆತ ಬರೆದ ಪುಸ್ತಕದಿಂದ ಡಿಜಿಟಾಲಿಸ್ ಚಿಕಿತ್ಸೆ ಆರಂಭವಾಯಿತು.

ಬಾಣದ ವಿಷವೂ ಔಷಧವಾಗಬಲ್ಲದೆಂದು ತೋರಿದ ಘಟನೆ ಇನ್ನೂ ಸ್ವಾರಸ್ಯದ್ದು. ಲಿವಿಂಗ್‌ಸ್ಟನ್‌ನ ಜಾಂಬೆಜಿ ಯಾತ್ರೆಯಲ್ಲಿ ವೈದ್ಯನಾಗಿದ್ದ ಜಾನ್ ಕಿರ್ಕ್ ಬಾಣವಿಷದ ಮಾದರಿಯನ್ನು ಹಲ್ಲುಜ್ಜುವ ಬ್ರಷ್ಷಿನೊಂದಿಗೆ ಒಂದೇ ಕಡೆ ಇಟ್ಟಿದ್ದ. ಒಂದು ಬೆಳಿಗ್ಗೆ ಬ್ರಷ್ ಕಹಿಯಾಗಿತ್ತು. ನಾಡಿ ಹಿಡಿದು ನೋಡಿಕೊಂಡರೆ ನಿಧಾನವಾಗಿತ್ತು. ಬೇರೆಯವರಾಗಿದ್ದರೆ ದೇವರನ್ನು ನೆನೆಯುತ್ತಿದ್ದರು. ಕಿರ್ಕ್ ಅದನ್ನು ಬರೆದಿಟ್ಟ. ಅದು ಅಡೇನಿಯಂನದೇ ಕುಟುಂಬದ ಸ್ಟ್ರೋಫ್ಯಾಂಥಸ್ ಎಂಬ ಬಳ್ಳಿಯ ವಿಷ. ಎಡಿನ್‌ಬರೋದ ಥಾಮಸ್ ಫ್ರೇಜರ್ ಅದರಿಂದ ಹೃದಯದ ಔಷಧವನ್ನು ತೆಗೆದ. ಕಿರ್ಕ್ ಮುಂದೆ ಬಹುಕಾಲ ಜಾಂಜಿಬಾರ್‌ನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ, ಒಮಾನಿನ ರಾಜವಂಶದವರೇ ಸುಲ್ತಾನರಾಗಿದ್ದ ಜಾಂಜಿಬಾರ್‌ನಲ್ಲಿ.

ಈ ವಿಷ ದೇಹದಲ್ಲಿ ಹಿಡಿಯುವುದು ಎಲ್ಲಿ? ಪ್ರತಿ ಜೀವಕೋಶದ ಹೊದಿಕೆಯಲ್ಲಿ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ದೂಡುವ ಒಂದು ಪಂಪು ಇದೆ. ಗ್ಲೈಕೋಸೈಡ್ ಆ ಪಂಪನ್ನು ನಿಲ್ಲಿಸುತ್ತದೆ. ಪಂಪನ್ನು ಏಡಿಯ ನರದಲ್ಲಿ ಪತ್ತೆಹಚ್ಚಿ 1957ರಲ್ಲಿ ಪ್ರಕಟಿಸಿದವನು ಯೆನ್ಸ್ ಸ್ಕೌ ಎಂಬ ವೈದ್ಯ. ನೊಬೆಲ್ ಬಂದದ್ದು 1997ರಲ್ಲಿ. ಆತ ಡೆನ್ಮಾರ್ಕಿನವನು. ಗಿಡವನ್ನು ಹುಡುಕಲು ದುಡ್ಡು ಕೊಟ್ಟ ದೇಶವೇ ಸುಮಾರು ಎರಡು ಶತಮಾನಗಳ ಮೇಲೆ ಅದರ ವಿಷದ ಬೀಗವನ್ನೂ ಹುಡುಕಿತು. ಇದು ಕೇವಲ ಕಾಕತಾಳೀಯ, ಆದರೂ ನನಗೆ ಇಷ್ಟ.

ಇಷ್ಟೆಲ್ಲ ಪುಸ್ತಕದ ಮಾತು. ನನಗೆ ಈ ವಿಷದ ಮುಖಪರಿಚಯವಾದದ್ದು ಎಂ.ಬಿ.ಬಿ.ಎಸ್. ಮುಗಿಸಿ ನಮ್ಮ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿದ್ದಾಗ. ನಾಲ್ಕು ವರ್ಷದ ಹುಡುಗ. ಬೇಲಿಯ ಹಳದಿ ಕಣಗಿಲೆಯ ಕಾಯಿಯಲ್ಲಿ ಆಟವಾಡುತ್ತ ಬೀಜ ಕಚ್ಚಿದ್ದ. ವಾಂತಿ ನಿಂತಿರಲಿಲ್ಲ. ನಾಡಿ ನಿಮಿಷಕ್ಕೆ ಐವತ್ತೂ ಇರಲಿಲ್ಲ, ಅದೂ ನಡುನಡುವೆ ತಪ್ಪುತ್ತಿತ್ತು. ಇದಕ್ಕೆ ಪ್ರತಿವಿಷವಿದೆಯೆಂದು ನಾವು ಓದಿದ್ದೆವು. ಅದರ ಬೆಲೆಯಿಂದಾಗಿ ಅಂಥ ಆಸ್ಪತ್ರೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಅಟ್ರೋಪಿನ್ ಕೊಡುತ್ತ, ಇ.ಸಿ.ಜಿ. ಪಟ್ಟಿಯನ್ನು ನೋಡುತ್ತ ರಾತ್ರಿಯಿಡೀ ಕುಳಿತೆವು. ಹುಡುಗನ ಅಜ್ಜಿ ಬಾಗಿಲ ಬಳಿ ಕುಳಿತು, ಬೇಲಿಗೆ ಆ ಗಿಡ ನೆಟ್ಟವಳು ತಾನೇ ಎಂದು ಒಂದೇ ಸಮನೆ ಹೇಳುತ್ತಿದ್ದರು. ಮೂರನೆಯ ದಿನ ಅವನು ಬಿಸ್ಕತ್ತು ಕೇಳಿದ. ಎಲ್ಲರ ಮಕ್ಕಳೂ ಹಾಗೆ ಎದ್ದು ಬಿಸ್ಕತ್ತು ಕೇಳುವುದಿಲ್ಲ.

ಆದುದರಿಂದ ಬಾಲ್ಕನಿಯ ಗಿಡದ ಬಗ್ಗೆ ವೈದ್ಯನಾಗಿ ಇಷ್ಟು ಹೇಳಲೇಬೇಕು. ಎಲೆ, ಹೂ, ಕೊಂಬೆ, ಬೇರು, ಬೀಜ ಎಲ್ಲದರಲ್ಲಿಯೂ ವಿಷವಿದೆ. ಕೊಂಬೆ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಕಣ್ಣು ಮುಟ್ಟಿಕೊಳ್ಳಬೇಡಿ, ಸೋಪಿನಿಂದ ಕೈ ತೊಳೆಯಿರಿ. ಹೂವನ್ನು ದೇವರಿಗೆ ಏರಿಸಲು ಅಡ್ಡಿಯಿಲ್ಲ. ತೀರ್ಥದ ಬಟ್ಟಲಿಗೆ, ಪ್ರಸಾದದ ತಟ್ಟೆಗೆ ಬೇಡ. ಮಗು ಬಾಯಿಗೆ ಹಾಕಿಕೊಂಡಿತೆಂಬ ಅನುಮಾನ ಬಂದರೂ ಮನೆಯಲ್ಲಿ ವಾಂತಿ ಮಾಡಿಸುತ್ತ ಕೂರದೆ, ಗಿಡದ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಹೊರಡಿ. 'ಇದು ಕಣಗಿಲೆಯ ಜಾತಿ, ಓಲಿಯಾಂಡರ್' ಎಂದು ಹೇಳಿ. ಡೆಸರ್ಟ್ ರೋಸ್ ಎಂದರೆ ವೈದ್ಯರೂ ಗುಲಾಬಿಯೆಂದು ತಿಳಿದಾರು. ಹೆಸರು ಸರಿಯಾಗಿ ತಿಳಿದಿರುವುದರ ಪ್ರಯೋಜನ ಇಲ್ಲಿದೆ. ಅಮ್ಮ ಅದನ್ನು ಒಂದು ಎಲೆ ಚಿವುಟಿ ತಿಳಿದುಕೊಂಡಿದ್ದರು.

ಸಾಕುವ ವಿಷಯಕ್ಕೆ ಬಂದರೆ, ನನ್ನ ಮೊದಲ ಗಿಡವನ್ನು ಕೊಂದದ್ದು ನಾನೇ. ನೀರು ವ್ಯರ್ಥವಾಗಬಾರದೆಂಬ ಮಲೆನಾಡಿನವನ ಜಾಣತನದಿಂದ ಕುಂಡವನ್ನು ಎ.ಸಿ.ಯ ನೀರು ತೊಟ್ಟಿಕ್ಕುವ ಕೊಳವೆಯ ಕೆಳಗೆ ಇಟ್ಟೆ. ಎರಡು ತಿಂಗಳಲ್ಲಿ ಬೊಡ್ಡೆ ಕೊಳೆತ ಕುಂಬಳಕಾಯಿಯಂತೆ ಮೆತ್ತಗಾಯಿತು. ಎರಡನೆಯದನ್ನು ಕೊಳ್ಳುವ ಮೊದಲು ಅದರ ತವರನ್ನು ನೋಡಿ ಬಂದೆ. ಏಪ್ರಿಲ್‌ನಲ್ಲಿ ಸಲಾಲಾದಿಂದ ಮಿರ್ಬಾತ್ ಕಡೆಗೆ ಹೋಗುವಾಗ ಬೆಟ್ಟದ ಕಡಿದಾದ ಮಗ್ಗುಲಲ್ಲಿ, ಮಣ್ಣೇ ಇಲ್ಲದ ಸುಣ್ಣಕಲ್ಲಿನ ಬಿರುಕುಗಳಲ್ಲಿ, ಎಲೆಯಿಲ್ಲದ ಬೂದುಬಣ್ಣದ ಬೊಡ್ಡೆಗಳು ಗುಲಾಬಿ ಹೂ ಹೊತ್ತು ನಿಂತಿದ್ದವು. ಅಲ್ಲಿ ಖರೀಫ್ ಮಳೆ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೂ ಹೆಚ್ಚಾಗಿ ಮಂಜು ಮತ್ತು ತುಂತುರು. ಬಿದ್ದ ನೀರು ಕಲ್ಲಿನ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಉಳಿದ ತಿಂಗಳುಗಳನ್ನು ಗಿಡ ಬೊಡ್ಡೆಯಲ್ಲಿ ತುಂಬಿಕೊಂಡ ನೀರಿನಲ್ಲಿಯೇ ಕಳೆಯುತ್ತದೆ. ನಾವು ಬೊಜ್ಜೆನ್ನುವುದು ಅದಕ್ಕೆ ನೀರಿನ ಕೊಡ.

ಅದನ್ನು ಕಂಡ ಮೇಲೆ ಯಾವ ಪುಸ್ತಕವೂ ಬೇಕಾಗಲಿಲ್ಲ. ಈಗ ನನ್ನ ಕುಂಡ ಮಣ್ಣಿನದು, ಅಗಲ ಹೆಚ್ಚು, ಆಳ ಕಡಿಮೆ, ತಳದಲ್ಲಿ ದೊಡ್ಡ ತೂತುಗಳು. ಒಳಗೆ ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಉಳಿದದ್ದು ಗೊಬ್ಬರಮಣ್ಣು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು. ಬೆರಳು ಇಳಿಸಿ ನೋಡಿ, ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ನೀರು, ಕೊಟ್ಟಾಗ ತೂತಿನಿಂದ ಹರಿಯುವಷ್ಟು; ಕೆಳಗೆ ತಟ್ಟೆ ಇಡುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೈ ಇನ್ನೂ ಬಿಗಿ. ಕರಿ ಪ್ಲಾಸ್ಟಿಕ್ ಕುಂಡದ ಎಳೆಗಿಡಗಳನ್ನು ಮಾತ್ರ ಜೂನ್ ತಿಂಗಳ ಸಿಮೆಂಟು ನೆಲದ ಮೇಲೆ ಬಿಡಬೇಡಿ, ಬೇರು ಬೆಂದುಹೋಗುತ್ತದೆ. ಕುಂಡ ಬದಲಿಸುವಾಗ ಬೊಡ್ಡೆಯನ್ನು ಒಂದಂಗುಲ ಮೇಲಕ್ಕೆತ್ತಿ ನೆಟ್ಟರೆ ಬೇರುಗಳ ಚೆಂದ ಹೊರಗೆ ಕಾಣುತ್ತದೆ; ಗಾಯ ಮಾಯಲು ಒಂದು ವಾರ ನೀರು ಕೊಡಬಾರದು. ಯುರೋಪಿನ ಚಳಿನಾಡುಗಳಿಗೆ ವರ್ಗವಾಗಿ ಹೋಗುವ ಸದಸ್ಯರು ಗಮನಿಸಿ: ಉಷ್ಣತೆ ಹತ್ತು ಡಿಗ್ರಿಗಿಂತ ಇಳಿಯುವ ಮೊದಲೇ ಒಳಗೆ ತರಬೇಕು, ಎಲೆ ಉದುರಿದರೆ ಸತ್ತಿತೆಂದು ಎಸೆಯಬೇಡಿ, ನಿದ್ರಿಸುತ್ತಿರುತ್ತದೆ.

ಥಾಯ್ಲೆಂಡಿನ ಮತ್ತು ತೈವಾನಿನ ತೋಟಗಾರರು ಕಸಿ ಕಟ್ಟಿ ಸುತ್ತೆಸಳಿನ, ಕಡುಗೆಂಪಿನ, ಹಳದಿಯ ಹೂಗಳನ್ನು ಪಡೆದಿದ್ದಾರೆ. ಚೆನ್ನಾಗಿವೆ. ನನ್ನ ಕಣ್ಣಿಗೆ ಮಿರ್ಬಾತ್ ಬೆಟ್ಟದ ಒಂಟಿಸುತ್ತಿನ ಗುಲಾಬಿಯೇ ಮಿಗಿಲು. ಕೊಂಬೆ ನೆಟ್ಟರೂ ಗಿಡ ಬರುತ್ತದೆ, ಆದರೆ ಬೊಡ್ಡೆ ಹಾಗೆ ದುಂಡಗಾಗುವುದಿಲ್ಲ, ಬೀಜದಿಂದ ಬೆಳೆಸಬೇಕು.

ಅಮ್ಮ ಊರಿಗೆ ಮರಳುವ ಮುಂಚೆ ನಮ್ಮ ಗಿಡದಲ್ಲಿ ಒಂದು ಜೋಡಿ ಕೋಡು ಬಲಿತಿತ್ತು. ಬಿರಿದು ಬೀಜ ಹಾರಿಹೋಗದಂತೆ ಅವರು ಅದಕ್ಕೆ ಹಳೆಯ ಸೀರೆಯ ದಾರ ಸುತ್ತಿಟ್ಟರು. ಆ ಬೀಜಗಳನ್ನು ನನ್ನ ಮಗಳು ಮಾರ್ಚಿನಲ್ಲಿ ಬಿತ್ತಿದಳು. ವಾರದೊಳಗೆ ಮೊಳೆತವು, ತಿಂಗಳೊಳಗೆ ಒಂದೊಂದಕ್ಕೂ ಕಡಲೆಯಷ್ಟು ಹೊಟ್ಟೆ. ಈಗ ಹನ್ನೊಂದು ಸಸಿಗಳಿವೆ. ರಾಜ್ಯೋತ್ಸವದ ದಿನ ಸಭಾಂಗಣಕ್ಕೆ ತರುತ್ತೇನೆ. ಬೇಕಾದವರು ತೂತಿರುವ ಮಣ್ಣಿನ ಕುಂಡದೊಂದಿಗೆ ಬನ್ನಿ. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿರುವವರ ಹೆಸರು ಬರೆದಿಟ್ಟುಕೊಳ್ಳುತ್ತೇನೆ, ಅವರ ಸಸಿಯನ್ನು ಮೂರು ವರ್ಷ ನಾನೇ ಸಾಕಿ ಕೊಡುವೆ.